ಬಣ್ಣ ಬಳಿದ ಸೀಮೆಎಣ್ಣೆ ಸಾಲು

ನಮ್ಮ ಕೊಟ್ಟೂರಿನ ಫೋಟೋ ಸ್ಟುಡಿಯೋ ಒಂದರಲ್ಲಿ ಕಳೆದ ವಾರ ಎರಡನೇ ಮಹಾಯುದ್ಧ ಮಾರಾಟಕ್ಕಿತ್ತು. ಫ್ರೇಮ್ ಸಮೇತ.

ನಾನು ಹೋದದ್ದು ಹರಪನಹಳ್ಳಿಯ ಗೆಳೆಯರೊಬ್ಬರ ಗೃಹಪ್ರವೇಶಕ್ಕೆ ಉಡುಗೊರೆ ಹುಡುಕಿಕೊಂಡು. ಗೋಡೆಯ ಮೇಲೊಂದು ದೊಡ್ಡ ಬಣ್ಣದ ಚಿತ್ರ. ಹೆಂಗಸರ ಉದ್ದ ಸಾಲು, ಅವರ ಮುಂದೆ ಡಬ್ಬಿಗಳ ಸಾಲು. ಗಿಳಿಹಸಿರು ಸೀರೆ, ಕೇಸರಿ ಸೀರೆ, ಎಲ್ಲರ ಕೆನ್ನೆಯೂ ಗುಲಾಬಿ. (ಮದುವೆ ಫೋಟೋಗಳಿಗೆ ಬ್ರಷ್ಷಿನಲ್ಲಿ ಬಣ್ಣ ಹಚ್ಚಿ ಹಚ್ಚಿ ಸ್ಟುಡಿಯೋ ಮಾಲೀಕ ಕೊಟ್ರಪ್ಪನ ಕೈಗೆ ಬೇರೆ ಕೆನ್ನೆ ಬರುವುದೇ ಇಲ್ಲ.)

“ಯುದ್ಧದ ಕಾಲದ್ದು ಸರ. ಬ್ರಿಟಿಷರು ಸೀಮೆಎಣ್ಣಿ ರೇಷನ್ ಮಾಡಿದ್ರಲ್ಲ, ಆವಾಗ ನಮ್ಮಪ್ಪ ತೆಗೆದದ್ದು. ಬಣ್ಣ ಅಷ್ಟ ನಂದು. ಹಡಗಲಿ ವಕೀಲರೊಬ್ರು ಇಂಥದ್ದ ಒಂದು ಒಯ್ದು ಹಾಲ್‌ನಾಗ ಹಾಕ್ಯಾರ. ಆರ್ಟ್ ಐತಿ ಇದು.”

ನಾನೋ ಸಂಶಯದ ಪ್ರಾಣಿ. ಬಸ್ಸಿನ ಬೋರ್ಡ್ ಓದಿದ ಮೇಲೂ ಕಂಡಕ್ಟರನ್ನು ಕೇಳಿಯೇ ಹತ್ತುವವನು. ಎಣ್ಣೆಗಾಗಿ ಬಿಸಿಲಲ್ಲಿ ಕಾದವರ ಕೆನ್ನೆ ಗುಲಾಬಿಯಾಗುತ್ತದೆಯೇ? ಅವರ ಪಾಡನ್ನು ಸೋಫಾದ ಮೇಲೆ ನೇತುಹಾಕಿಕೊಂಡು ವಕೀಲರು ಕಾಫಿ ಹೇಗೆ ಕುಡಿಯುತ್ತಾರೆ?

ಚಿತ್ರದ ಹತ್ತಿರ ಹೋದೆ. ಸಾಲಿನ ಹಿಂದಿನ ಗೋಡೆಯ ಮೇಲೆ ತಲೆಕೆಳಗಾದ ಒಂದು ತ್ರಿಕೋನ. ಕೊಟ್ರಪ್ಪ ಅದಕ್ಕೆ ಹಸಿರು ಬಳಿದು, ಸುತ್ತ ಎಲೆ ಬಿಡಿಸಿ ಗಿಡ ಮಾಡಿಬಿಟ್ಟಿದ್ದ. ಆದರೆ ಮೂರೂ ಮೂಲೆ ಎದ್ದು ಕಾಣುತ್ತಿದ್ದವು. ನಮ್ಮೂರಿನ ಯಾವ ಗೋಡೆಯ ಮೇಲಿಲ್ಲ ಹೇಳಿ, ಕುಟುಂಬ ಯೋಜನೆಯ ಆ ಕೆಂಪು ತ್ರಿಕೋನ? ಬ್ರಿಟಿಷರ ಕಾಲದಲ್ಲಿ ಅದೆಲ್ಲಿತ್ತು?

ಕೇಳಿಯೇಬಿಟ್ಟೆ. ಕೊಟ್ರಪ್ಪ ಬಾಗಿಲ ಕಡೆ ನೋಡಿದ. ಆಮೇಲೆ ದನಿ ಇಳಿಸಿದ.

“ಏಳೆಂಟು ವರ್ಷದ ಹಿಂದ ಎಣ್ಣಿ ಸಿಗದಾಗ ನಾನ ತೆಗೆದದ್ದು ಸರ. ಇಲ್ಲೇ, ರೇಷನ್ ಸೊಸೈಟಿ ಮುಂದ. ಹಳೇದು ಅಂದ್ರ ಆರ್ಟ್ ಆಗ್ತೈತಿ. ಮೊನ್ನಿದು ಅಂದ್ರ ಯಾರ ತಗೋತಾರ?”

ಕಳ್ಳನನ್ನು ಹಿಡಿದ ಖುಷಿ ನನಗೆ. ಪತ್ರಿಕೆಗೆ ಬರೆಯುವ ಈ ಅಂಕಣಕ್ಕೆ ಸಾಕ್ಷಿ ಬೇಕಲ್ಲ, ಚಿತ್ರ ಕೊಂಡೇ ಬಂದೆ. (ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಹೋಯಿತು.)

ಮನೆಗೆ ಬಂದವನೇ ಹೆಂಡತಿಯನ್ನು ಕರೆದು ತ್ರಿಕೋನ ತೋರಿಸಿದೆ, ನನ್ನ ಜಾಣತನ ವಿವರಿಸಿದೆ. ಆಕೆ ಗೋಡೆಯ ಕಡೆ ನೋಡಲೇ ಇಲ್ಲ. ಕೇಸರಿ ಸೀರೆಯವಳ ಮೇಲೆ ಬೆರಳಿಟ್ಟಳು.

“ಇದು ನಾನಲ್ಲೇನ್ರಿ?”

“ನಿನ್ನ ಹತ್ತಿರ ಕೇಸರಿ ಸೀರಿ ಎಲ್ಲಿತ್ತು?”

“ಸೀರಿ ಬಿಡ್ರಿ, ಡಬ್ಬಿ ನೋಡ್ರಿ.”

ಆಕೆಯ ಮುಂದಿದ್ದ ಡಬ್ಬಿಯ ಹಿಡಿಕೆಗೆ ಚೌಕುಳಿ ಬಟ್ಟೆಯ ಚೂರೊಂದು ಕಟ್ಟಿತ್ತು. ಕೊಟ್ರಪ್ಪನ ಬ್ರಷ್ಷು ಅದೊಂದನ್ನು ಮರೆತಿತ್ತು.

“ನಸುಕಿನಾಗ ಎಲ್ಲಾರೂ ಡಬ್ಬಿ ಸಾಲಿಗಿಟ್ಟು ಮನಿಗೆ ಬರ್ತಿದ್ವಿ. ಯಾರದು ಯಾವುದು ಗೊತ್ತಾಗಬೇಕಲ್ಲ? ನಿಮ್ಮ ಚೌಕುಳಿ ಅಂಗಿ ಹರದಿತ್ತಲ್ಲ, ಅದರ ತೋಳು ಹರದು ಕಟ್ಟಿದ್ದೆ. ಕೆಲಸ ಮುಗಿಸಿ ಹೋಗಿ ನಿಂತ್ರ, ಮಧ್ಯಾಹ್ನಕ್ಕ ಎಣ್ಣಿ ಖಾಲಿ ಅಂದ್ರು. ಬರೇ ಡಬ್ಬಿ ತಂದೆ. ನೀವು, ರೊಟ್ಟಿ ಯಾಕ ತಡ ಅಂತ ತಾಟು ತಳ್ಳಿ ಎದ್ದು ಹೋದ್ರಿ.”

ಬೈದು ಹೇಳಿದ್ದರೆ ಎದುರುತ್ತರ ಕೊಡುತ್ತಿದ್ದೆನೇನೋ. ಆಕೆ ಹೇಳಿದಷ್ಟು ಹೇಳಿ ಒಲೆಯ ಕಡೆ ನಡೆದಳು. ತಾಟು ತಳ್ಳಿದ್ದು ನನಗೂ ನೆನಪಿದೆ. ಆ ದಿನ ಆಕೆ ಎಲ್ಲಿಗೆ ಹೋಗಿದ್ದಳೆಂದು ಕೇಳಿದ ನೆನಪಿಲ್ಲ. ನಾಚಿಕೆಯಾಯಿತು. ಗೋಡೆಯ ತ್ರಿಕೋನವನ್ನು ಕಂಡುಹಿಡಿದ ಈ ಕಣ್ಣಿಗೆ, ಅದರ ಕೆಳಗೇ ನಿಂತ ಸ್ವಂತ ಹೆಂಡತಿ ಕಂಡಿರಲಿಲ್ಲ.

ಕೊಟ್ರಪ್ಪನನ್ನು ಬಿಡಿ, ಈಗ ನನಗೆ ನನ್ನ ಮೇಲೆಯೇ ಅನುಮಾನ. ಆ ಸಾಲಿನಲ್ಲಿ ನಸುಕಿನಿಂದ ನನ್ನ ಅಂಗಿಯ ತೋಳು ನಿಂತಿತ್ತು, ನಾನೆಲ್ಲಿದ್ದೆ?