ಖದೀಜ ಹೇಳಿದ ಕಮಲಾಕ್ಷಿಯ ಕಥೆ

ಗುರುವಾಯನಕೆರೆಯಲ್ಲಿ ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಮದುವೆಯಾಗಲಿಲ್ಲ, ಯಾಕೆಂದು ಕೇಳುವವರಿಗೆ ಬೇರೆ ಕೆಲಸವಿಲ್ಲ. ಸರಸ ಟೀಚರಿಗೆ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಅಂಥ ನನ್ನ ಮನೆಗೆ ದಿನಾ ಸಂಜೆ ಬರುತ್ತಿದ್ದವಳು ಪಕ್ಕದ ಮನೆಯ ಖದೀಜ ಒಬ್ಬಳೇ.

ಅವಳ ಗಂಡ ಮೊಯ್ದೀನ್ ಸೌದಿಯ ದಮ್ಮಾಮಿನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ. ಮದುವೆಯಾದ ನಲವತ್ತನೇ ದಿನಕ್ಕೆ ವಿಮಾನ ಹತ್ತಿದವನು ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಕಾಗದ ಬರೆಯುವಷ್ಟು ಖದೀಜ ಓದಿರಲಿಲ್ಲ. ಆಗೆಲ್ಲ ಗಲ್ಫಿನವರ ಮನೆಗಳಲ್ಲಿ ಮಾತನ್ನು ಕ್ಯಾಸೆಟಿನಲ್ಲಿ ತುಂಬಿಸಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಕಳಿಸುವುದಿತ್ತು. ಆದರೆ ಅವಳು ಟೇಪ್ ರೆಕಾರ್ಡರ್ ತೆಗೆದರೆ ಸಾಕು, ಅತ್ತೆ ಐಸಮ್ಮ ಪಕ್ಕದಲ್ಲೇ ಬಂದು ಕೂರುತ್ತಿದ್ದರು. ಅತ್ತೆಯ ಎದುರು ಗಂಡನಿಗೆ ಎಂಥ ಮಣ್ಣು ಹೇಳುವುದು? ಹಾಗಾಗಿ ಟೇಪ್ ರೆಕಾರ್ಡರನ್ನು ಸೆರಗಿನಡಿ ಇಟ್ಟುಕೊಂಡು ನನ್ನ ಅಡುಗೆಮನೆಗೆ ಬರುತ್ತಿದ್ದಳು.

ಅಲ್ಲೂ ನಾಚಿಕೆಗೆ ಮಾತು ಹೊರಡುತ್ತಿರಲಿಲ್ಲ. ಕೊನೆಗೆ ನಾವಿಬ್ಬರೂ ನೋಡುತ್ತಿದ್ದ ಧಾರಾವಾಹಿಯ ಕಥೆಯನ್ನೇ ತಮ್ಮ ಮನೆಮಾತಾದ ಬ್ಯಾರಿಯಲ್ಲಿ ಅವನಿಗೆ ಹೇಳತೊಡಗಿದಳು. ಅದು ತೊಂಬತ್ತೇಳನೇ ಇಸವಿ. ಆಸ್ತಿಗಾಗಿ ಕಚ್ಚಾಡುವ ದೊಡ್ಡ ಕುಟುಂಬದ ಕಥೆ ಅದು. ಮನೆಯ ಯಜಮಾನನಿಗೆ ಇಂಜೆಕ್ಷನ್ ಚುಚ್ಚಲು ಕಮಲಾಕ್ಷಿ ಎಂಬ ನರ್ಸ್ ಎರಡು ನಿಮಿಷ ಬಂದು ಹೋಗುತ್ತಿದ್ದಳು. ಅವಳ ಗಂಡ ಹಡಗಿನ ಕೆಲಸಕ್ಕೆ ಹೋದವನು ಬಂದೇ ಇರಲಿಲ್ಲ. ಖದೀಜಳಿಗೆ ಆಸ್ತಿಯ ಜಗಳ ಬೇಡ, ಕಮಲಾಕ್ಷಿ ಬಂದಾಗ ಮಾತ್ರ ಮುಂದೆ ಸರಿದು ಕೂರುತ್ತಿದ್ದಳು. ಮೊಯ್ದೀನನೂ ತನ್ನ ಕ್ಯಾಸೆಟಿನಲ್ಲಿ ಸಲಾಂ ಹೇಳಿದ ಮೇಲೆ ಮೊದಲು ಕೇಳುತ್ತಿದ್ದುದು ಕಮಲಾಕ್ಷಿಯನ್ನೇ.

ಒಂದು ದಿನ ಅವಳು ಕ್ಯಾಸೆಟಿಗೆ ಹೇಳುವುದು ಕಿವಿಗೆ ಬಿತ್ತು. ಕಮಲಾಕ್ಷಿಯ ಗಂಡ ಹಡಗು ಬಿಟ್ಟು ಬಂದನಂತೆ, ಬಸ್ ಸ್ಟ್ಯಾಂಡಿನ ಹತ್ತಿರ ಫ್ಯಾನ್ಸಿ ಸ್ಟೋರ್ ಇಟ್ಟನಂತೆ! ಆ ದಿನದ ಕಂತಿನಲ್ಲಿ ಕಮಲಾಕ್ಷಿಯೇ ಇರಲಿಲ್ಲ. ಅವನು ಯಾವಾಗ ಬಂದ ಮಾರಾಯ್ತಿ ಎಂದು ಗದರಿಸಿದೆ.

"ಊರಿಗೆ ಬಂದು ಸಹ ಬದುಕ್ಲಿಕ್ಕೆ ಆಗ್ತದೆ ಅಂತ ಅವರಿಗೆ ಗೊತ್ತಾಗ್ಬೇಕಲ್ಲ ಟೀಚರೇ" ಎಂದಳು.

ಮೊಯ್ದೀನ್ ನಂಬಿದ. ಅಂಗಡಿಯಲ್ಲಿ ಏನೇನು ಉಂಟು ಎಂದು ಕೇಳಿದ. ಇವಳು ಬಳೆ, ಅತ್ತರು, ಶಾಲೆಯ ಚೀಲ ಎಂದು ಒಂದೊಂದೇ ಕಪಾಟು ತುಂಬಿಸಿದಳು. ರಜೆಗೆ ಬಂದಾಗಲೂ ಅವನಿಗೆ ಟೀವಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಟೀವಿಯಲ್ಲಿ ಧಾರಾವಾಹಿ ಮುಗಿದರೂ ಇವಳದ್ದು ಮುಗಿಯಲಿಲ್ಲ. ಇವಳು ಕಥೆ ಹೇಳತೊಡಗಿದ ಆರನೇ ವರ್ಷ ಅವನಿಂದ ಒಂದು ಕ್ಯಾಸೆಟ್ ಬಂತು. ಅಂಥ ಅಂಗಡಿ ನಡೆಯುವುದಾದರೆ ತಾನೂ ಬರುವ ರಂಜಾನಿಗೆ ಎಲ್ಲ ಬಿಟ್ಟು ಬರುತ್ತೇನೆ ಎಂದಿದ್ದ. ಖದೀಜ ಅದನ್ನು ನನಗೆ ಮೂರು ಸಲ ಕೇಳಿಸಿದಳು.

ಅದೇ ವರ್ಷ ಟೀವಿಯವರಿಗೂ ಬುದ್ಧಿ ಬರಬೇಕೆ! ಹಳೆಯ ಕಥೆಯಿಂದ ಕಮಲಾಕ್ಷಿಯನ್ನು ಎತ್ತಿ ಅವಳದ್ದೇ ಬೇರೆ ಧಾರಾವಾಹಿ ಮಾಡಿದರು. ಹಳೆಯದರಲ್ಲಿ ಅವಳ ಬಿಳಿ ಸೀರೆ ಮಾಸಿರುತ್ತಿತ್ತು, ಕತ್ತಿನಲ್ಲಿ ಬೆವರು ಕಾಣುತ್ತಿತ್ತು. ಹೊಸದರಲ್ಲಿ ರೇಷ್ಮೆ ಉಟ್ಟು ಇಂಜೆಕ್ಷನ್ ಕೊಟ್ಟಳು. ಬಾಗಿಲು ತೆರೆದರೆ ಅವಳ ಮುಖ ಮೂರು ಸಲ ತೋರಿಸುವುದು, ಹಿಂದಿನಿಂದ ಡಬಡಬ ಸದ್ದು. ಎರಡೇ ನಿಮಿಷದಲ್ಲಿ ಹೇಳಿ ಹೋಗುತ್ತಿದ್ದ ದುಃಖವನ್ನು ಅರ್ಧ ಗಂಟೆ ಎಳೆದರು. ಒಂದು ಮಾತ್ರ ಬದಲಾಗಿರಲಿಲ್ಲ, ಗಂಡ ಇನ್ನೂ ಬಂದಿರಲಿಲ್ಲ. ಮೊದಲ ಕಂತು ನೋಡಿ ಖದೀಜ ಎದ್ದು ಹೋದಳು.

ದಮ್ಮಾಮಿಗೂ ಡಿಶ್ ಬಂದಿತ್ತು, ಹೊಸ ಧಾರಾವಾಹಿ ಅಲ್ಲೂ ಕಾಣುತ್ತಿತ್ತು. ನಾಲ್ಕನೇ ದಿನ ನನ್ನ ಮನೆಗೆ ಮೊಯ್ದೀನನ ಫೋನ್ ಬಂತು. ಖದೀಜಳನ್ನು ಕರೆಯಲು ಹೊರಟೆ, ಬೇಡ ಎಂದ.

"ನೀವು ಸುಳ್ಳು ಹೇಳುವವರಲ್ಲ ಟೀಚರೇ. ಮೊದಲಿನದ್ದರಲ್ಲಿ ಅವಳ ಗಂಡ ಬಂದಿದ್ದಾನಾ?"

"ಇಲ್ಲ. ಅಂಗಡಿಯೂ ಇಲ್ಲ" ಎಂದೆ.

ಅವನು ಸಿಟ್ಟಾಗಲಿಲ್ಲ. ಹಾಗಾದರೆ ಇನ್ನೆರಡು ವರ್ಷ ಇಲ್ಲೇ ನೋಡುತ್ತೇನೆ ಎಂದು ಖದೀಜಳಿಗೆ ತಿಳಿಸಲು ಹೇಳಿ ಫೋನಿಟ್ಟ.

ಹೋಗಿ ತಿಳಿಸಿದೆ. ಅವಳು ಬಾವಿಕಟ್ಟೆಯಲ್ಲಿ ಮೀನು ತೊಳೆಯುತ್ತಿದ್ದಳು. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಕೈ ತೊಳೆದು ನನ್ನ ಮುಖ ನೋಡಿದಳು.

"ಅವರು ಬಂದ್ರೆ ನಾನು ನಿಮ್ಮಲ್ಲಿಗೆ ಬರುವುದಿಲ್ಲ ಅಂತ ಹಾಗೆ ಹೇಳಿದ್ದಾ ಟೀಚರೇ?"

ಸತ್ಯ ಹೇಳಿದೆ ಎಂದು ನಾನು ಬೀಗಿದ್ದು ಹೌದು. ಆದರೆ ಫೋನ್ ಕೈಯಲ್ಲಿದ್ದಾಗ ನನಗಿದ್ದ ಹೆದರಿಕೆ ಅವಳು ಹೇಳಿದ್ದೇ.

ಆಮೇಲೆ ಅವಳು ಬರಲಿಲ್ಲ. ಹೊಸ ಧಾರಾವಾಹಿ ನಾಲ್ಕು ವರ್ಷ ಓಡಿತು. ಮೂಡುಬಿದಿರೆಯ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯರು ಹಳೆಯದಕ್ಕಿಂತ ಇದೇ ಚಂದ ಎನ್ನುವುದನ್ನು ಕೇಳಿದ್ದೇನೆ, ಇರಬಹುದು. ಹಳೆಯದನ್ನು ನಾನು ಒಬ್ಬಳೇ ಕೂತು ನೋಡಿದವಳಲ್ಲ, ಪಕ್ಕದಲ್ಲಿ ಖದೀಜ ಇದ್ದಳು.

ಕೊನೆಯ ಕಂತಿನಲ್ಲಿ ಕಮಲಾಕ್ಷಿಯ ಗಂಡ ಬಂದ. ಖದೀಜಳಿಗೆ ಹೇಳಬೇಕೆಂದು ಅಂಗಳ ದಾಟಿ ಅವಳ ಮನೆಯ ಮೆಟ್ಟಿಲವರೆಗೆ ಹೋದೆ. ಮೊಯ್ದೀನ್ ಇನ್ನೂ ದಮ್ಮಾಮಿನಲ್ಲೇ ಇದ್ದ. ಕರೆಯಲು ಮುಖವಿಲ್ಲದೆ ತಿರುಗಿ ಬಂದೆ.