ಬೀಗತಿಯ ಮಡಿ, ಮೊಮ್ಮಗನ ಸಿಂಬಳ

ಸಿಂಬಳದ ಬಗ್ಗೆ ಬರೆಯುತ್ತೇನೆ ಎಂದರೆ ಮನೆಯವರು ಮುಖ ಸಿಂಡರಿಸುತ್ತಾರೆ. ಬರೆಯದಿದ್ದರೆ ಅದು ನಿಲ್ಲುತ್ತದೆಯೇ? ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಆದರೂ ಒಂದು ಅನುಮಾನ ಬಿಟ್ಟಿಲ್ಲ. ಕುಡಿಯುವುದು ಒಂದು ಕಪ್ ಚಹಾ, ನೆಗಡಿ ಬಂದಾಗ ಮೂಗಿನಿಂದ ಇಳಿಯುವುದು ಬಿಂದಿಗೆ ತುಂಬ. ಇಷ್ಟೆಲ್ಲ ಎಲ್ಲಿ ಕೂತಿರುತ್ತದೆ? ಮಿದುಳು ಇರಬೇಕಾದ ಜಾಗದಲ್ಲಿ ಎಂದು ನನ್ನ ಗಂಡನನ್ನು ನೋಡಿ ಬಹಳ ವರ್ಷ ನಂಬಿದ್ದೆ.

ಈ ಚಳಿಗಾಲ ತೆಲುಗು ನಾಡಿನ ಲಿಂಗಂಪಲ್ಲಿಯ ನಮ್ಮ ಮನೆಯಲ್ಲಿ ನನ್ನ ನೆಗಡಿ ಹಾಲುಗೂಸು ಮೊಮ್ಮಗನಿಗೂ ದಾಟಿತು. ಮೂಗು ಕಟ್ಟಿದ ಕೂಸು ಮೊಲೆ ಹಿಡಿಯುವುದು, ಉಸಿರಿಗಾಗಿ ಬಿಡುವುದು, ಕಿರುಚುವುದು. ಬೆಳಗಿನಿಂದ ಅದರ ಹೊಟ್ಟೆಗೆ ಹಾಲೇ ಇಳಿದಿರಲಿಲ್ಲ.

ಬಾಣಂತನಕ್ಕೆಂದು ಸೊಸೆಯ ತಾಯಿ, ನನ್ನ ಬೀಗತಿ, ರಾಯಚೂರಿನಿಂದ ಬಂದಿದ್ದರು. ಅವರ ಮಡಿ ಎಂದರೆ ಮಡಿ. ಎಂಜಲು ಎಂಬ ಮಾತು ಕಿವಿಗೆ ಬಿದ್ದರೂ ಕೈ ತೊಳೆಯುತ್ತಾರೆ.

ಎಲ್ಲರೂ ಡಾಕ್ಟರಮ್ಮನ ಬಳಿ ಹೋದೆವು. ಮೂಗು ದಿನವೂ ಸಿಂಬಳ ಮಾಡುತ್ತಲೇ ಇರುತ್ತದೆ, ಧೂಳು ಹಿಡಿಯಲು. ನೆಗಡಿಯಾದಾಗ ಒಳಹೊಕ್ಕ ರೋಗವನ್ನು ತೊಳೆದು ಹಾಕಲು ಇನ್ನಷ್ಟು ಮಾಡುತ್ತದೆ ಎಂದು ಆಕೆ ತೆಲುಗಿನಲ್ಲಿ ಹೇಳಿದಳು. ಹಾಗಾದರೆ ಉಳಿದ ದಿನ ಅದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಗೊತ್ತಿಲ್ಲದೆ ಎಲ್ಲರೂ ನುಂಗುತ್ತೇವೆ, ಎಂದಳು. ಉಪವಾಸದ ಸೋಮವಾರವೂ ನುಂಗುತ್ತೇವೆಯೇ, ಎಂದೆ. ಡಾಕ್ಟರಮ್ಮನಿಗೆ ತಿಳಿಯಲಿಲ್ಲ, ಬೀಗತಿಗೆ ತಿಳಿಯಿತು. ಆಟೋದಲ್ಲಿ ಮನೆಯ ತನಕ ಅವರು ಉಗುಳೂ ನುಂಗದೆ ಬಾಯಿ ಬಿಗಿದುಕೊಂಡು ಕೂತಿದ್ದರು.

ಡಾಕ್ಟರಮ್ಮ ಕೊಟ್ಟದ್ದು ಉಪ್ಪುನೀರಿನ ಹನಿ, ಜೊತೆಗೆ ಒಂದು ಕೊಳವೆ. ಒಂದು ತುದಿ ಕೂಸಿನ ಮೂಗಿಗೆ, ಇನ್ನೊಂದು ದೊಡ್ಡವರ ಬಾಯಿಗೆ. ಮೆಲ್ಲಗೆ ಎಳೆಯಬೇಕು. ಸಿಂಬಳ ಬಾಯಿಗೆ ಬರದಂತೆ ನಡುವೆ ಸಣ್ಣ ಜಾಲರಿ ಇತ್ತು. ನೆಗಡಿಯಾದ ನಾನು ಮಾತ್ರ ಕೂಸಿನ ಹತ್ತಿರ ಸುಳಿಯುವಂತಿಲ್ಲ ಎಂದೂ ಹೇಳಿದ್ದಳು.

ಮಗ ಕೊಳವೆ ಬಾಯಿಗಿಟ್ಟವನೇ ವಾಕರಿಸುತ್ತ ಬಚ್ಚಲಿಗೆ ಓಡಿದ. ಸೊಸೆ ಕೊಳವೆ ಎತ್ತಿಕೊಂಡಳು. ಕೂಸು ಅತ್ತರೆ ಅವಳೂ ಅಳುತ್ತಿದ್ದಳು. ನಾನು ಬಾಗಿಲಲ್ಲಿ ಟವೆಲ್ ಮೂಗಿಗೊತ್ತಿಕೊಂಡು ನಿಂತು ಬಚ್ಚಲಿನ ಕಡೆಗೆ ಬೈದೆ.

"ನಮ್ಮ ಕಾಲದಾಗ ಕೊಳವಿನೂ ಇರಲಿಲ್ಲೋ, ಬಾಯಿ ಹಚ್ಚೇ ಜಗ್ತಿದ್ವಿ. ನಿನ್ನ ಮೂಗೂ ಹಂಗ ಜಗ್ಗೀನಿ."

ಅವನು ಮತ್ತಷ್ಟು ವಾಕರಿಸಿದ.

ಬೀಗತಿ ಎದ್ದರು. ಮಡಿಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಗಳ ಕೈಯಿಂದ ಕೊಳವೆ ತೆಗೆದುಕೊಂಡು, ಕೂಸನ್ನು ತೊಡೆಯ ಮೇಲೆ ಮಲಗಿಸಿ ಎಳೆದರು. ಬಸಿಯಿಂದ ಚಹಾ ಹೀರಿದಂಥ ಸದ್ದು. ಇನ್ನೊಂದು ಹೊಳ್ಳೆಯನ್ನೂ ಎಳೆದು, ಮೂಗನ್ನು ಆ ಸೆರಗಿನಿಂದಲೇ ಒರೆಸಿ ಕೂಸನ್ನು ತಾಯಿಗೆ ಕೊಟ್ಟರು. ಅದು ಮೊಲೆಗೆ ಬಿದ್ದು ಕುಡಿಯುವ ಗುಟುಕು ಬಾಗಿಲ ತನಕ ಕೇಳಿಸಿತು.

ನನ್ನ ನಾಲಿಗೆ ಸುಮ್ಮನಿರುವುದಿಲ್ಲ. "ಅಕ್ಕಾರ, ಇನ್ನ ತಲಿ ಮ್ಯಾಲೆ ನೀರು ಹಾಕ್ಕೋಬೇಕಲ್ರಿ?"

"ನೀರು ಎಲ್ಲಿಗೂ ಓಡಿ ಹೋಗೂದಿಲ್ರಿ," ಎಂದರು, ಕೂಸಿನ ಮೇಲಿನ ಕಣ್ಣು ತೆಗೆಯದೆ. "ಬಾಯಿ ಮುಚ್ಚಿ ನಿಲ್ರಿ. ಕುಡಿಯಾಕತ್ತೈತಿ."

ಹೊಟ್ಟೆ ತುಂಬಿದ ಕೂಸು ಅಲ್ಲೇ ನಿದ್ದೆ ಹೋಯಿತು. ಅಷ್ಟರಲ್ಲಿ ನನಗೆ ದೊಡ್ಡದೊಂದು ಸೀನು ಬಂತು. ಎರಡೂ ಕೈಯಲ್ಲಿ ಮೂಗು ಹಿಡಿದುಕೊಂಡು, ಈ ಮೊಣಕಾಲುಗಳನ್ನು ಎಳೆದುಕೊಂಡು, ಮಾಳಿಗೆಯ ತನಕ ಹತ್ತಿ ಹೋಗಿ ಸೀನಿದೆ.