ಆಯಿಯ ತಂಬುಳಿ ಪರೀಕ್ಷೆ

ಮಾರ್ಚ್ ತಿಂಗಳು ಬಂತೆಂದರೆ ಸಿದ್ದಾಪುರ ಪೇಟೆಯ ಔಷಧಿ ಅಂಗಡಿಗಳಲ್ಲಿ ಸ್ಮರಣಶಕ್ತಿಯ ಸೀಸೆಗಳು ಸಾಲಾಗಿ ನಿಲ್ಲುತ್ತವೆ. ಸೀಸೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಹುಡುಗ, ಅವನ ತಲೆಯ ಹಿಂದೆ ಪ್ರಭಾವಳಿಯಂತೆ ಒಂದೆಲಗದ ಎಲೆ. ನಮ್ಮ ಬಚ್ಚಲ ಹಿಂದಿನ ತಂಪಿನಲ್ಲಿ ಯಾರ ಹಂಗೂ ಇಲ್ಲದೆ ಹಬ್ಬಿಕೊಂಡಿರುವ ಈ ಸೊಪ್ಪು ಪೇಟೆಗೆ ಬಂದು ಇಷ್ಟು ಪ್ರತಿಷ್ಠಿತವಾದದ್ದನ್ನು ಕಂಡಾಗ, ಊರಿನ ಹುಡುಗ ಸಾಹೇಬನಾದಷ್ಟೇ ಸಂತೋಷವಾಗುತ್ತದೆ. ಅದರ ಸಾಮರ್ಥ್ಯದ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ. ಬಾಲ್ಯದುದ್ದಕ್ಕೂ ಅದನ್ನು ಉಂಡೂ ಗಣಿತದಲ್ಲಿ ದೈವಕೃಪೆಯಿಂದಷ್ಟೇ ತೇರ್ಗಡೆಯಾದವನು ನಾನು.

ಕೋಲಸಿರ್ಸಿಯ ನಮ್ಮ ಮನೆಯಲ್ಲಿ ನಿಜವಾದ ಪರೀಕ್ಷೆ ನಡೆಯುತ್ತಿದ್ದದ್ದು ಊಟಕ್ಕೆ ಕುಳಿತಾಗ. ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ ಜೀರಿಗೆಯೊಡನೆ ರುಬ್ಬಿ, ಮಜ್ಜಿಗೆಗೆ ಕಲಸಿದ ತಂಬುಳಿಯನ್ನು ಅನ್ನದ ಮೇಲೆ ಬಡಿಸಿ ಆಯಿ, ಎಂದರೆ ನನ್ನ ತಾಯಿ, ಸೌಟು ಹಿಡಿದು ನಿಲ್ಲುತ್ತಿದ್ದಳು. "ಎಂತದ್ರ ತಂಬ್ಳಿ, ಹೇಳು ನೋಡನ." ಕನ್ನೆಕುಡಿಯೋ, ದೊಡ್ಡಪತ್ರೆಯೋ, ನೆಕ್ಕರಿಕೆಯ ಚಿಗುರೋ, ರುಚಿಯಿಂದಲೇ ಹೇಳಬೇಕು; ತಪ್ಪಿದವರಿಗೆ ಎರಡನೇ ಸೌಟು ತಡವಾಗುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ನನ್ನ ಹೆಂಡತಿ ಸಾವಿತ್ರಿ ಎಲ್ಲಕ್ಕೂ ಸರಿಯುತ್ತರ ಕೊಟ್ಟು, ಈ ಮನೆಯಲ್ಲಿ ದಡ್ಡ ಯಾರೆಂಬುದನ್ನು ಬೇಗನೆ ಇತ್ಯರ್ಥ ಮಾಡಿದಳು. ಆಯಿಗೆ ಇನ್ನೊಂದು ಕಟ್ಟಳೆಯೂ ಇತ್ತು: ಕುಡಿ ಚಿವುಟಬೇಕು, ಬೇರು ಕೀಳಬಾರದು, ನಿನ್ನೆ ಚಿವುಟಿದ ಗಿಡಕ್ಕೆ ಇಂದು ಕೈ ಹಾಕಬಾರದು. ಹೀಗಾಗಿ ಹಿತ್ತಲು ಬರಿದಾಗುತ್ತಿರಲಿಲ್ಲ, ನಾಲಿಗೆಗೂ ಬೇಸರವಿರಲಿಲ್ಲ.

ಎಪ್ಪತ್ತೈದು ದಾಟಿದ ಮೇಲೆ ಆಯಿ ಮರೆಯತೊಡಗಿದಳು. ಮೊದಲು ಹೋದದ್ದು ನೆಂಟರ ಹೆಸರುಗಳು. ಅದರಿಂದ ನೆಂಟರಿಗೆ ಬೇಸರವಾಯಿತೇ ಹೊರತು ನಮಗೇನೂ ಅಷ್ಟಾಗಿ ಆಗಲಿಲ್ಲ. ಆದರೆ ಒಂದು ಬೆಳಿಗ್ಗೆ ಮಡಿಲು ತುಂಬ ಕುಡಿ ತಂದು ಸಾವಿತ್ರಿಯ ಮುಂದೆ ಸುರಿದು, "ಇದೆಂತ ಸೊಪ್ಪೇ ತಂಗಿ?" ಎಂದಳು. ಸಾವಿತ್ರಿ ಪರೀಕ್ಷೆ ಎಂದುಕೊಂಡು ನಕ್ಕಳು. ಆಯಿ ನಗಲಿಲ್ಲ. ತಿನ್ನುವ ಸೊಪ್ಪಿನ ಪಕ್ಕದಲ್ಲೇ ತಿನ್ನಬಾರದ್ದೂ ಬೆಳೆಯುತ್ತದೆ. ನಮಗೆ ಹೆದರಿಕೆಯಾಗಿ, ಅಂದಿನಿಂದ ಅವಳನ್ನು ಹಿತ್ತಲಿಂದಲೂ ಒಲೆಯಿಂದಲೂ ಬಿಡಿಸಿದೆವು.

ಸುದ್ದಿ ಹಬ್ಬಿತು. ನಮ್ಮ ಕಡೆಯ ನೆಂಟರು ಬರಿಗೈಯಲ್ಲಿ ಬರುವವರಲ್ಲ. ಭೈರುಂಬೆಯ ಅಕ್ಕ ಒಂದೆಲಗದ ಬಳ್ಳಿಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ ತಂದಳು. ಉಮ್ಮಚಗಿಯ ಮಾವ ಬಸ್ಸಿನಲ್ಲಿ ಒಂದು ಚೀಲವನ್ನೇ ಹೊತ್ತು ತಂದ. ನಾನೂ ಅತ್ಯುತ್ಸಾಹದಿಂದ ಉಳಿದ ಗಿಡಗಳ ನಡುವೆಲ್ಲ ಅದನ್ನೇ ನೆಟ್ಟೆ. ಬೆಳಿಗ್ಗೆ ಅದರ ಚಟ್ನಿ, ಮಧ್ಯಾಹ್ನ ತಂಬುಳಿ, ಸಂಜೆ ರಸ. ಕೊನೆಗೊಂದು ದಿನ ಆಯಿ ಬಟ್ಟಲನ್ನು ನನ್ನ ಕಡೆ ತಳ್ಳಿ, "ನೀನೇ ಕುಡಿ. ಮಗ್ಗಿ ಇನ್ನೂ ಬತ್ತಿಲ್ಲೆ ನಿಂಗೆ" ಎಂದಳು. ನನ್ನ ಹಳೆಯ ದಡ್ಡತನವನ್ನು ಮಾತ್ರ ಅವಳು ಮರೆತಿರಲಿಲ್ಲ ಎಂಬುದು ನನ್ನ ದುರದೃಷ್ಟ. ಆದರೆ ಉಣ್ಣುವುದು ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಎದುರಿಗೇ ಕುಳಿತಿದ್ದ ಆಯಿ ನಮ್ಮ ಕೈತಪ್ಪಿ ಹೋಗುತ್ತಿದ್ದಾಳೆಂದು ನನಗೆ ಬಹಳ ದುಃಖವಾಗುತ್ತಿತ್ತು.

ಶಿರಸಿಯಲ್ಲಿ ನಾವು ತೋರಿಸಿದ ವೈದ್ಯರು ಹಾವೇರಿ ಕಡೆಯವರು. ನಮ್ಮ ಒಂದೆಲಗ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿ, "ಒಂದೇ ಸೊಪ್ಪಿನಾಗ ಪವಾಡ ಇರಂಗಿಲ್ರಿ. ಮೊದಲು ಉಣ್ತಿದ್ದಂಗ ಎಲ್ಲಾ ನಮೂನಿ ಸೊಪ್ಪು, ಕಾಳು, ಹಣ್ಣು ಕೊಡ್ರಿ. ಮರವು ಪೂರಾ ಹೋಗ್ತದ ಅಂತ ನಾ ಹೇಳಂಗಿಲ್ಲ. ಆದ್ರ ಅವರ ಕೈಯಾಗಿನ ಕೆಲಸ ಕಸ್ಕೋಬ್ಯಾಡ್ರಿ" ಎಂದರು.

ಮರುದಿನ ಸೊಪ್ಪಿನ ಬುಟ್ಟಿ ಆಯಿಯ ಕೈಗೆ ಬಂತು. ಚಿವುಟುವುದು ಅವಳು, ಜೊತೆಗಿದ್ದು ನೋಡುವುದು ಸಾವಿತ್ರಿ. ಹೆಸರು ನೆನಪಾಗದಿದ್ದರೆ ಎಲೆಯನ್ನು ತಿಕ್ಕಿ ಮೂಸುತ್ತಾಳೆ. ಸಾವಿತ್ರಿ ಬೇಡವೆನ್ನುವ ಪ್ರಸಂಗ ಅಪರೂಪ. ಮೆದುಳಿಗೆ ಬೇಕಾದದ್ದು ಎಲೆಯೊಳಗಿನ ಸತ್ತ್ವವೋ, ಅದನ್ನು ಹುಡುಕುವ ಗೋಜೋ, ಉಂಡವರನ್ನು ಪೇಚಿಗೆ ಸಿಕ್ಕಿಸುವ ಗಮ್ಮತ್ತೋ, ನನ್ನ ಗಣಿತಕ್ಕೆ ಬಗೆಹರಿಯದ ಲೆಕ್ಕ. ಮೂರೂ ಇರಲಿ ಎಂದು ಊಟಕ್ಕೆ ಕೂರುತ್ತೇವೆ.

ಮೊನ್ನೆ ಆಯಿ ತಂಬುಳಿ ಬಡಿಸಿ, "ಎಂತದ್ರದು ಇದು?" ಎಂದಳು. ನನ್ನನ್ನು ಪರೀಕ್ಷಿಸುತ್ತಿದ್ದಾಳೋ, ನಿಜಕ್ಕೂ ಕೇಳುತ್ತಿದ್ದಾಳೋ ತಿಳಿಯಲಿಲ್ಲ. "ಕನ್ನೆಕುಡಿದು" ಎಂದೆ. ಆಯಿ ಸಾವಿತ್ರಿಯ ಮುಖ ನೋಡಿದಳು. ಸಾವಿತ್ರಿ ಹೌದೆಂದು ತಲೆಯಾಡಿಸಿದಳು. ಆಯಿ ನನ್ನ ಅನ್ನಕ್ಕೆ ಇನ್ನೊಂದು ಸೌಟು ಹಾಕಿ, "ನಂಗೂ ಹಂಗೇ ಕಾಣ್ತಿತ್ತು" ಎಂದಳು.